ತಿಂದು ಬಂದ ಕೊಬ್ಬಲ್ಲ

ನನ್ನ ಅಕ್ಕ ರಾಮನಾಥಪುರದಲ್ಲಿ ಹೊಗೆಸೊಪ್ಪು ವಿಂಗಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ನಲವತ್ತು ದಾಟಿದ ಮೇಲೆ ಅವಳ ತೋಳು, ತೊಡೆಗಳಲ್ಲಿ ಕೊಬ್ಬಿನ ಗಂಟುಗಳೆದ್ದವು. ಬಟ್ಟೆ ಸೋಕಿದರೂ ನೋವೆನ್ನುತ್ತಿದ್ದಳು. “ಕೊಬ್ಬು ಎಲ್ಲಾದ್ರೂ ನೋಯ್ತದಾ? ಬಾಯಿ ಕಟ್ಟಕ್ಕ, ಎಲ್ಲ ಸರಿಯೋಯ್ತದೆ” ಎಂದು ನಾನೇ ಎಷ್ಟೋ ಸಲ ಅಂದಿದ್ದೆ. ಅವಳು ಒಪ್ಪೊತ್ತಿನ ಊಟವನ್ನೇ ಬಿಟ್ಟಳು. ಗಂಟುಗಳು ಕರಗಲಿಲ್ಲ. ಕೊನೆಗೆ ಕೈಯೆತ್ತಿ ತಲೆ ಬಾಚಿಕೊಳ್ಳಲೂ ಆಗದಾಯಿತು.

ಹಾಸನದ ಆಸ್ಪತ್ರೆಗೆ ಕರೆದೊಯ್ದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ವೈದ್ಯೆ, “ಇದು ತಿಂದು ಬಂದ ಕೊಬ್ಬಲ್ಲಮ್ಮ, ಅಪರೂಪದ ಕಾಯಿಲೆ. ಪೂರ್ತಿ ವಾಸಿಯಾಗಲ್ಲ, ನೋವು ಕಡಿಮೆ ಮಾಡಬಹುದು” ಎಂದರು.

ಅಲ್ಲಿ ಅಕ್ಕ ಅಳಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತ ಮೇಲೆ, “ನಾನು ನೋಯ್ತದೆ ಅಂತಿದ್ದಿದ್ದು ಸುಳ್ಳಲ್ಲ ಅಂತ ಈಗ್ಲಾದ್ರೂ ನಂಬ್ತೀಯಾ?” ಎಂದು ಬಿಕ್ಕಿದಳು.

“ತಪ್ಪಾಯ್ತು ಕಣಕ್ಕ” ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಔಷಧಿ ಚೀಟಿಯನ್ನು ನನ್ನ ಕೈಗಿತ್ತು ಮೆಲ್ಲಗೆ ಎದ್ದಳು.