ಅಜ್ಜ ಹರಸಿದ್ದು ಯಾರನ್ನು

ಲೈಬ್ರರಿಯ ಕಿಟಕಿಗೆ ಕಪ್ಪು ಬಟ್ಟೆ ಬಿಗಿದದ್ದನ್ನು ನಾನು ಕಣ್ಣಾರೆ ನೋಡಿದ ಹಾಗೆ ನೆನಪಿದೆ. ಏಣಿಯ ಮೇಲೆ ಒಬ್ಬ, ಬಾಯಲ್ಲಿ ಮೊಳೆ, ಕೆಳಗೆ ಸ್ಕೂಲಿನ ಮಕ್ಕಳು. ಆದರೆ ಅದು ವಾರದ ನಡುವೆ ಆದದ್ದು. ನಾನು ಆಗ ಊಟಿಯಲ್ಲಿ ಕೆಲಸಕ್ಕಿದ್ದೆ, ಊರಿಗೆ ಬರುತ್ತಿದ್ದದ್ದು ಶನಿವಾರ. ಅಂದರೆ ನಾನು ನೋಡಿಲ್ಲ. ಅಪ್ಪ ಹೇಳಿದ್ದಿರಬೇಕು. ಏಣಿ, ಮೊಳೆ, ಮಕ್ಕಳು ನಾನೇ ಸೇರಿಸಿಕೊಂಡದ್ದಿರಬಹುದು. ಮುಂದೆ ಹೇಳುವುದನ್ನೂ ಇಷ್ಟೇ ನಂಬಿ.

ಕಟ್ಟಬೆಟ್ಟು ದಾಟಿದ ಮೇಲೆ ಒಂದು ಸಣ್ಣ ಪೇಟೆ. ಅಲ್ಲಿಯ ಲೈಬ್ರರಿ ಎಂದರೆ ಮುಂದೊಂದು ಪಡಸಾಲೆ, ಹಿಂದೊಂದು ಕೋಣೆ. ಚಹಾ ಎಲೆಯನ್ನು ತೂಕಕ್ಕೆ ಹಾಕಿ ಬಂದವರು ಪಡಸಾಲೆಯಲ್ಲಿ ಕುಳಿತು ತಮಿಳು ಪೇಪರು ಓದುತ್ತಿದ್ದರು. ಹಿಂದಿನ ಕೋಣೆಯಲ್ಲಿ ಗೆದ್ದಲು ತಿಂದ ಪತ್ರಿಕೆಗಳಿದ್ದವು. ಎರಡು ಸಾವಿರದ ಆಚೀಚೆ ಒಂದು ವರ್ಷ ಪಟ್ಟಣದಿಂದ ಕೆಲವು ಹುಡುಗ ಹುಡುಗಿಯರು ಜೀಪಿನಲ್ಲಿ ಕಂಪ್ಯೂಟರು, ಕ್ಯಾಮೆರಾ, ಸ್ಪೀಕರುಗಳನ್ನು ಹೇರಿಕೊಂಡು ಬಂದರು. ಮನೆಮನೆಗೆ ಹೋಗಿ ಫೋಟೋ ತೆಗೆದರು, ಮುದುಕರ ಮಾತು ರೆಕಾರ್ಡ್ ಮಾಡಿಕೊಂಡರು, ನನ್ನ ಅಜ್ಜನದೂ. ನಿಮ್ಮ ಹಟ್ಟಿಯನ್ನು ಲೈಬ್ರರಿಯೊಳಗೆ ತಂದಿಡುತ್ತೇವೆ, ಒಳಗೆ ಕೂತರೆ ಹಟ್ಟಿಯ ನಡುವೆಯೇ ನಿಂತ ಹಾಗಿರುತ್ತದೆ ಎಂದರು.

"ಹಟ್ಟಿ ಅಲ್ಲೇ ಇದೆಯಲ್ಲ, ಎರಡು ತಿರುವು ಆಚೆ. ನಡೆದುಹೋದರೆ ಸಿಗುತ್ತದೆ," ಎಂದ ಪೇಪರು ಓದುವವನೊಬ್ಬ.

"ಟಿಕೆಟ್ ಇದೆಯಾ?"

"ಇಲ್ಲವಂತೆ."

"ಹಾಗಾದರೆ ಏನೋ ಇದೆ."

ಏನಿದೆ ಎಂಬುದರ ಬಗ್ಗೆ ಒಬ್ಬೊಬ್ಬರದು ಒಂದೊಂದು ಲೆಕ್ಕಾಚಾರ. ಜಮೀನಿನ ಅಳತೆಗೆ ಬಂದವರು ಎಂದರು ಕೆಲವರು. ಕಾಡಿನ ಇಲಾಖೆಯವರು ಕಳಿಸಿದ್ದು, ನಾಳೆ ಹಟ್ಟಿ ಖಾಲಿ ಮಾಡಿ ಎನ್ನುತ್ತಾರೆ ಎಂದರು ಇನ್ನು ಕೆಲವರು. ನನ್ನ ಅನುಮಾನ ಅಷ್ಟು ದೊಡ್ಡದಲ್ಲ. ಒಂದು ಊರನ್ನು ಕತ್ತಲೆ ಮಾಡಿ ತೋರಿಸಬೇಕಾದ ಅಗತ್ಯ ಯಾರಿಗೆ ಏಕೆ ಬರುತ್ತದೆ ಎಂಬುದಷ್ಟೇ.

ಅವರು ಬಂದುಹೋದ ಚಳಿಗಾಲದಲ್ಲೇ ಅಜ್ಜ ತೀರಿಕೊಂಡ. ಬೇಸಿಗೆಗೆ ಕೋಣೆ ಸಿದ್ಧವಾಯಿತು.

ನಾನೂ ಹೋದೆ. ಒಂದು ಕುರ್ಚಿ, ಒಂದು ಮೌಸು. ಎದುರಿನ ಗೋಡೆಯ ಮೇಲೆ ನಮ್ಮ ಹಟ್ಟಿ. ಮೌಸು ಎಳೆದರೆ ಹಟ್ಟಿ ಸುತ್ತುತ್ತದೆ: ಸಾಲುಮನೆಗಳು, ಗುಡಿಯ ಮುಂದಿನ ಕಲ್ಲು, ಚಹಾ ತೋಟದ ಇಳಿಜಾರು, ಮತ್ತೆ ಸಾಲುಮನೆಗಳು. ಒಂದು ಕಡೆ ಫೋಟೋಗಳನ್ನು ಜೋಡಿಸಿದ್ದು ಸರಿಹೋಗಿರಲಿಲ್ಲ. ಅಲ್ಲಿ ನಮ್ಮ ಪಕ್ಕದ ಮನೆಗೆ ಎರಡು ಬಾಗಿಲು, ಒಂದು ನಾಯಿಗೆ ಹಿಂಭಾಗ ಮಾತ್ರ. ಗೋಡೆಯಾಚೆಯಿಂದ ಹಸುವಿನ ಕೊರಳ ಗಂಟೆ ಕೇಳಿಸುತ್ತಿತ್ತು. ನಡುವೆ ನವಿಲು ಕೂಗಿತು. ನಮ್ಮ ಎತ್ತರದಲ್ಲಿ ನವಿಲು ಎಲ್ಲಿಂದ ಬರಬೇಕು? ನವಿಲು ಕೆಳಗೆ ಮಸಿನಗುಡಿ ಕಡೆ. ಯಾರೋ ಅಲ್ಲಿಯ ಕೂಗನ್ನು ಇಲ್ಲಿಗೆ ಅಂಟಿಸಿದ್ದರು. ನವಿಲನ್ನು ಅಂಟಿಸಿದವರು ಇನ್ನೇನೇನು ಅಂಟಿಸಿರಬಹುದು ಎಂದು ಅಲ್ಲಿಂದಲೇ ಶುರುವಾಯಿತು ನನಗೆ.

ನಮ್ಮ ಮನೆಯ ಬಾಗಿಲನ್ನು ಒತ್ತಿದೆ. ಅಜ್ಜನ ಮುಖ ಗೋಡೆ ತುಂಬ ಬಂತು.

ನಮ್ಮಲ್ಲಿ ಹಿರಿಯರು ಎದುರಾದರೆ ಕಿರಿಯರು ತಲೆಯ ಮೇಲಿನ ಟೋಪಿಯನ್ನೋ ಮಫ್ಲರನ್ನೋ ತೆಗೆದು ತಲೆ ಬಗ್ಗಿಸುತ್ತಾರೆ. ಹಿರಿಯರು ನೆತ್ತಿಯ ಮೇಲೆ ಕೈಯಿಟ್ಟು ಹರಸುತ್ತಾರೆ. ದಾರಿಯಲ್ಲಿ, ಬಸ್ಸಿನಲ್ಲಿ, ಚಹಾ ಫ್ಯಾಕ್ಟರಿಯ ಕ್ಯೂನಲ್ಲಿ, ಎಲ್ಲಿಯಾದರೂ. ಆ ಪಟ್ಟಣದ ಮಕ್ಕಳು ಇದನ್ನು ಚೆನ್ನಾಗಿ ಗಮನಿಸಿದ್ದರು. ಕುರ್ಚಿಯ ನೇರಕ್ಕೆ, ಮೇಲಿನ ತೊಲೆಗೆ ಒಂದು ಸ್ಪೀಕರು ಕಟ್ಟಿದ್ದರು. ಅಜ್ಜನ ಮಾತು ಅಲ್ಲಿಂದ ನೆತ್ತಿಯ ಮೇಲೆ ಬೀಳುತ್ತಿತ್ತು. ನನ್ನ ತಲೆ ತಾನಾಗಿ ಬಗ್ಗಿತು. ಬಗ್ಗಿದ್ದಕ್ಕೆ ಸಿಟ್ಟು ಬಂತು.

ಎಲ್ಲರದೂ ಅದೇ ಪಾಡು. ಜನ ಸಾಲುಗಟ್ಟಿ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮಂಕಿ ಟೋಪಿ ಕೈಯಲ್ಲಿ ಹಿಡಿದು, ಸ್ಪೀಕರಿನ ಕೆಳಗೆ ಬಗ್ಗಿ ಹೋಗುತ್ತಿದ್ದರು. ಪರೀಕ್ಷೆಗೆ ಹೋಗುವ ಮಕ್ಕಳನ್ನೂ ತಾಯಂದಿರು ಕರೆತಂದರು. ಬಗ್ಗದವನು ಒಬ್ಬನೇ, ಅಜ್ಜನ ಅಣ್ಣ. ದೊಡ್ಡಜ್ಜನನ್ನು ಯಾರೋ ಕೈಹಿಡಿದು ಕೂರಿಸಿದ್ದರು. ತಮ್ಮನ ದನಿ ನೆತ್ತಿಯ ಮೇಲೆ ಬಿದ್ದದ್ದೇ ತಡ, ಎದ್ದು ನಿಂತ.

"ಏಯ್, ನಾನು ನಿನಗಿಂತ ಹಿರಿಯ! ನನ್ನನ್ನೇ ಹರಸುತ್ತೀಯಾ?" ಎಂದು ಕೋಲೆತ್ತಿ, ಆಮೇಲೆ ಏನನ್ನಿಸಿತೋ, ಕೋಲು ಬಿಟ್ಟು ಕೈ ಮೇಲೆತ್ತಿದ. ಸ್ಪೀಕರು ಎಟುಕಲಿಲ್ಲ. ಅದನ್ನು ಕೆಳಗಿಳಿಸಿ ಎಂದು ಹಟ ಹಿಡಿದ. ಇಳಿಸಿಕೊಟ್ಟರು. ಅದರ ನೆತ್ತಿ ಸವರಿ, ಮುಗಿಯುವವರೆಗೆ ತಾನೂ ಹರಸಿ ಬಂದ. ಇಬ್ಬರ ಮಾತೂ ಒಟ್ಟಿಗೆ ನಡೆದದ್ದರಿಂದ ಯಾರದೂ ಯಾರಿಗೂ ಕೇಳಿಸಲಿಲ್ಲ.

ಇದೆಲ್ಲ ನಗುವ ಮಾತು. ನನಗೆ ನಗು ಬಾರದೆ ಹೋದದ್ದು ಅಜ್ಜ ಹೇಳಿದ ಮಾತಿನಿಂದ. ಒಂದು ಹತ್ತಾಗಲಿ, ಹಾಲು ಉಕ್ಕಲಿ ಎಂದೆಲ್ಲ ಹೇಳಿ ಕೊನೆಗೆ, "ಹೋದ ಮನೆ ಬೆಳಗಲಿ, ಬಿಟ್ಟ ಮನೆ ನಿನಗೆ ತೆರೆದಿರಲಿ," ಎನ್ನುತ್ತಾನೆ. ಅದು ಎಲ್ಲರಿಗೂ ಹೇಳುವ ಮಾತಲ್ಲ. ನಮ್ಮ ಮನೆಯಲ್ಲಿ ಮದುವೆಯಾಗಿ ಹೋಗುವ ಹೆಣ್ಣಿಗೆ ಮಾತ್ರ ಅದನ್ನು ಹೇಳುತ್ತಿದ್ದರು. ಅಜ್ಜನಿಗೆ ಒಬ್ಬಳೇ ಮಗಳು. ಅವಳಿಗೆ ಅಜ್ಜ ಅದನ್ನು ಹೇಳಿರಲಿಲ್ಲ.

ಅಪ್ಪನ ತಂಗಿ ಅವಳು. ನಾವು ಮಾಮಿ ಎನ್ನುತ್ತೇವೆ. ಸಂಬಂಧದವನಲ್ಲದ, ನಮ್ಮ ಜನವೂ ಅಲ್ಲದ ಒಬ್ಬನನ್ನು ಮೆಚ್ಚಿ ಮಸಿನಗುಡಿಗೆ ಹೋದಳು. ಅಜ್ಜ ಅವಳ ತಲೆಯ ಮೇಲೆ ಕೈಯಿಡಲಿಲ್ಲ. ಅವಳು ಮತ್ತೆ ಹೊಸಿಲು ತುಳಿಯಲಿಲ್ಲ. ಅಜ್ಜನ ಸಾವಿನ ದಿನ ಮೇಲಿನ ರಸ್ತೆಯಲ್ಲಿ ನಿಂತು ನೋಡಿ ಹೋದಳೆಂದು ಹೇಳುವವರಿದ್ದಾರೆ. ನಾನು ನೋಡಿಲ್ಲ.

ಮಸಿನಗುಡಿಗೆ ತರಕಾರಿ ಒಯ್ಯುವ ತುಮ್ಮನಟ್ಟಿಯ ಡ್ರೈವರನೊಬ್ಬನಿಂದ ಅವಳಿಗೆ ಸುದ್ದಿ ಮುಟ್ಟಿತು. ನನ್ನ ಆಫೀಸಿಗೆ ಫೋನ್ ಮಾಡಿದಳು.

"ನಿನ್ನ ಅಜ್ಜ ಲೈಬ್ರರಿಯಲ್ಲಿ ಮಾತಾಡುತ್ತಾನಂತೆ?"

"ಅದು ಮಿಷನ್ನು, ಮಾಮಿ. ಕತ್ತರಿಸಿ ಅಂಟಿಸಿದ್ದು. ಬರಬೇಡ."

"ಏನು ಹೇಳುತ್ತಾನೆ?"

ಹೇಳಿದೆ.

"ಅದನ್ನು ಅವನು ಯಾರನ್ನು ನೆನೆದು ಹೇಳಿದ? ನನಗೆ ಹೇಳಿದ್ದು ಅಂತಾದರೆ ಮನೆಗೆ ಬರುತ್ತೇನೆ. ಅಲ್ಲ ಅಂತಾದರೆ ಬಂದ ಬಸ್ಸಿಗೇ ವಾಪಸು. ನೀನು ಶನಿವಾರ ಬಸ್‌ಸ್ಟ್ಯಾಂಡಿನಲ್ಲಿರು."

ಕಲ್ಲಟ್ಟಿ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಮುಖ ಹಳದಿ ಮಾಡಿಕೊಂಡು ಬಂದಳು. ಊಟಿಯಲ್ಲಿ ಏನೂ ತಿನ್ನಲಿಲ್ಲ. ಇನ್ನೊಂದು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಅವಳಿಗೆ ಎರಡು ಬಾಗಿಲಿನ ಮನೆಯ ಬಗ್ಗೆ, ನವಿಲಿನ ಬಗ್ಗೆ ಹೇಳಿದೆ. ಅವರು ಅಜ್ಜನ ಬೇರೆ ಬೇರೆ ಮಾತನ್ನು ಪೋಣಿಸಿರಬಹುದು, ಬೇರೆ ಮುದುಕನ ದನಿಯೂ ಆಗಿರಬಹುದು ಎಂದೆ. ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ನಿನಗೆ ಹಾಲು ಕೊಟ್ಟರೂ ಒಳಗೆ ಇಣುಕಿ ನೋಡಿ ಕುಡಿಯುವವನು ನೀನು. ಸಣ್ಣವನಿದ್ದಾಗಲೂ ಹಾಗೇ," ಎಂದಳು.

ಲೈಬ್ರರಿಯನ್ನು ನೋಡಿಕೊಳ್ಳುತ್ತಿದ್ದವಳು ಕೆಳಗಿನ ತಮಿಳು ಬಯಲಿನಿಂದ ವರ್ಗವಾಗಿ ಬಂದ ಹುಡುಗಿ. ಬೇಸಿಗೆಯಲ್ಲೂ ಎರಡು ಸ್ವೆಟರು. ಮಾಮಿ ಯಾರೆಂದು ಹೇಳಿದಾಗ ಅವಳ ಮುಖ ಒಂದು ಥರ ಆಯಿತು. ಅದನ್ನು ನಾನು ಆಗಲೇ ಗಮನಿಸಿದೆ ಎಂದು ಬರೆಯಲು ಆಸೆ. ಬಹುಶಃ ಆಮೇಲೆ ಗೊತ್ತಾದದ್ದನ್ನು ಈಗ ಅವಳ ಮುಖಕ್ಕೆ ಹಚ್ಚುತ್ತಿದ್ದೇನೆ.

ಮಾಮಿ ಕುರ್ಚಿಯಲ್ಲಿ ಕೂತಳು. ನಾನು ಹಿಂದೆ ನಿಂತು ಮೌಸು ಹಿಡಿದೆ. ಹಟ್ಟಿ ಸುತ್ತಿತು. ನವಿಲು ಕೂಗಿದಾಗ, "ಇದು ನಮ್ಮ ಹಿತ್ತಲಿನದು," ಎಂದಳು, ನಗದೆ. ಬಾಗಿಲು ಒತ್ತಿದೆ. ಮೇಲಿಂದ ಅಜ್ಜ ಮಾತಾಡಿದ. ಅವಳ ಬೆನ್ನು ನೇರವಾಗಿಯೇ ಇತ್ತು. ಅಲ್ಲಿ ಕೂತು ಬಗ್ಗದ ಹೆಂಗಸು ಅವಳೊಬ್ಬಳೇ ಇರಬೇಕು.

"ಇನ್ನೊಂದು ಸಲ."

ಮತ್ತೆ ಒತ್ತಿದೆ.

"ದನಿ ಅವನದೇ. ಕೊನೆಗೆ ಉಸಿರು ಎಳೆದುಕೊಳ್ಳುವುದು ನೋಡು. ಇನ್ನೊಂದು ಸಲ."

ಮೂರನೆಯ ಸಲವೋ ಐದನೆಯ ಸಲವೋ, ಕೈಯೆತ್ತಿ ನಿಲ್ಲಿಸಿದಳು.

"ಬಳೆ."

"ಏನು?"

"ಬಳೆ ಸದ್ದು. ಹಾಲು ಉಕ್ಕಲಿ ಅಂದ ಮೇಲೆ. ಗಾಜಿನ ಬಳೆ."

ಮತ್ತೆ ಒತ್ತಿದೆ. ಇತ್ತು. ಅಷ್ಟು ಸಲ ಕೇಳಿದರೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಎರಡು ಬಳೆ ತಾಗಿ ಸುಮ್ಮನಾದ ಸದ್ದು.

"ಅವನು ಗಾಳಿಗೆ ಹರಸಿಲ್ಲ. ಕೈ ಕೆಳಗೆ ತಲೆ ಇದೆ," ಎಂದಳು ಮಾಮಿ.

"ಅದನ್ನೂ ಆಮೇಲೆ ಸೇರಿಸಿರುತ್ತಾರೆ, ಮಾಮಿ. ನವಿಲನ್ನು ಸೇರಿಸಿದವರು..."

"ನೀನು ಸುಮ್ಮನಿರು."

ಎದ್ದು ಹೊರಗೆ ಬಂದಳು. ಹುಡುಗಿ ಮೇಜಿನ ಹಿಂದೆ ಪುಸ್ತಕಗಳಿಗೆ ನಂಬರು ಅಂಟಿಸುತ್ತಿದ್ದಳು. ಮಾಮಿ ಏನೂ ಕೇಳದೆ ಅವಳ ಮುಂಗೈ ಹಿಡಿದು, ಎರಡು ಸ್ವೆಟರಿನ ತೋಳನ್ನೂ ಮೇಲೆ ಸರಿಸಿ, ಕೈಯನ್ನು ಒಮ್ಮೆ ಅಲ್ಲಾಡಿಸಿದಳು. ಪೇಪರು ಓದುವವರು ಪೇಪರು ಕೆಳಗಿಳಿಸಿದರು.

"ಇದೇ," ಎಂದಳು.

ಹುಡುಗಿಗೆ ಅಳು ಬಂತು. ಅವಳು ಹೇಳಿದ್ದು ತಮಿಳಿನಲ್ಲಿ, ಮಾಮಿ ಕೇಳಿದ್ದು ನಮ್ಮ ಮಾತಿನಲ್ಲಿ. ನಾನು ಇಬ್ಬರಿಗೂ ಪುಸ್ತಕದ ಕನ್ನಡ ತೊಡಿಸುತ್ತಿದ್ದೇನೆ.

"ಜೀಪಿನವರಿಗೆ ದಾರಿ ತೋರಿಸಲು ನಾನೂ ಹೋಗಿದ್ದೆ, ಅಮ್ಮಾ. ಮನೆಯವರೆಲ್ಲ ಎಲೆ ಕೊಯ್ಯಲು ಹೋಗಿದ್ದರು, ತಾತ ಒಬ್ಬರೇ. ಹರಸಿ ಎಂದು ಇವರು ಕೇಳಿದರು. ತಲೆ ಎಲ್ಲಿ ಎಂದರು ತಾತ. ಇವರು ಮೈಕು ತೋರಿಸಿದರು. 'ಇದಕ್ಕೆ ಮದುವೆ ಮಾಡುತ್ತೀರಾ?' ಎಂದು ತಾತ ಬೈದರು. ಅದಕ್ಕೆ ನಾನು ಕೂತೆ. ನಿನಗೆ ಮದುವೆ ಆಗಿದೆಯಾ ಎಂದು ಕೇಳಿದರು. ಆಗಿದೆ ಎಂದೆ."

ಇಲ್ಲಿ ನನ್ನ ನೆನಪು ಒಂದು ಸಾಲನ್ನು ತೂರಿಸಲು ನೋಡುತ್ತದೆ: ಅವಳೂ ಮನೆಯವರನ್ನು ಎದುರು ಹಾಕಿಕೊಂಡು ಮದುವೆಯಾದವಳು ಎಂದು. ಎಷ್ಟೋ ಜನರಿಗೆ ಈ ಕಥೆಯನ್ನು ಹಾಗೇ ಹೇಳಿದ್ದೇನೆ. ಕೇಳಿದವರಿಗೆ ಸಮಾಧಾನವಾಗುತ್ತದೆ. ಅವಳು ಹಾಗೆ ಹೇಳಲಿಲ್ಲ. ಅವಳ ಗಂಡ ಅವಳ ಸೋದರಮಾವನ ಮಗ. ಎಲ್ಲರೂ ಒಪ್ಪಿ ಮಾಡಿದ ಮದುವೆ.

ಮಾಮಿ ಅವಳ ಕೈ ಬಿಟ್ಟಿರಲಿಲ್ಲ. "ಕೈ ಭಾರವಾಗಿತ್ತಾ?"

"ಕುತ್ತಿಗೆ ಹಿಡಿದುಕೊಂಡಿತು, ಅಮ್ಮಾ. ತೆಗೆಯಲೇ ಇಲ್ಲ. ಒಮ್ಮೆ ಪೂರಾ ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಮೊದಲಿನಿಂದ ಇನ್ನೊಮ್ಮೆ ಹೇಳಿದರು. ಎರಡನೆಯದನ್ನು ಇವರು ಕತ್ತರಿಸಿದರು. ಒಂದೇ ಸಾಕು ಎಂದು."

ಎರಡನೆಯದು ಯಾರಿಗೆ? ನನ್ನ ಅನುಮಾನದ ಬುದ್ಧಿಗೂ ಅದು ಹೊಳೆಯಿತು. ಮರುಗಳಿಗೆಯೇ, ಮುದುಕರಿಗೆ ಮರೆವು, ಹೇಳಿದ್ದನ್ನೇ ಹೇಳುತ್ತಾರೆ ಎಂದುಕೊಂಡೆ. ಅಜ್ಜ ಕೊನೆಯ ವರ್ಷ ಊಟ ಮಾಡಿ ಕೈತೊಳೆದು ಬಂದು ಊಟ ಎಲ್ಲಿ ಎನ್ನುತ್ತಿದ್ದ. ಮಾಮಿಗೆ ಯಾವುದು ಹೊಳೆಯಿತೋ ನೋಡಲು ಅವಳ ಮುಖ ನೋಡಿದೆ. ಅವಳು ಕೆಂಪಾಗಿದ್ದಳು.

"ಎರಡು ಸಲ," ಎಂದಳು. "ದಾರಿ ತೋರಿಸಲು ಬಂದವಳಿಗೆ ಎರಡು ಸಲ. ಹೆತ್ತ ಮಗಳಿಗೆ ಒಂದು ಸಲಕ್ಕೂ ಬಾಯಿ ತೆರೆಯಲಿಲ್ಲ." ಹುಡುಗಿಯ ಕೈ ಬಿಟ್ಟು, ಸ್ವೆಟರಿನ ತೋಳನ್ನು ಕೆಳಗೆಳೆದು ಸರಿಮಾಡಿದಳು. "ನೀನು ಅಳಬೇಡ. ನಿನ್ನದು ನಿನಗೆ. ಅವನ ಹತ್ತಿರ ನನಗೆ ಮಾತಿದೆ."

ಹೊರಗೆ ಊಟಿಯ ಬಸ್ಸು ನಿಂತಿತ್ತು. ಕಂಡಕ್ಟರು ಕೂಗುತ್ತಿದ್ದ.

"ಮಾಮಿ, ಬಸ್ಸು."

"ಹೋಗಲಿ."

"ನಿನಗೆ ಹೇಳಿದ್ದಲ್ಲ ಅಂತಾದರೆ ವಾಪಸು ಅಂದಿದ್ದೆಯಲ್ಲ?"

"ಹರಸಿಸಿಕೊಳ್ಳುವುದಕ್ಕೆ ಹೋಗುತ್ತಿಲ್ಲ. ಜಗಳಕ್ಕೆ ಹೋಗುತ್ತಿದ್ದೇನೆ. ಜಗಳಕ್ಕೆ ಯಾರ ಅಪ್ಪಣೆ ಬೇಕು?"

ಚಹಾ ತೋಟದ ನಡುವಿನ ಕಾಲುದಾರಿ ಹಿಡಿದಳು. ದಾರಿ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಏದುಸಿರು ಬಿಡುತ್ತಾ ಹಿಂದೆ. ಅರ್ಧದಾರಿಯಲ್ಲೇ ಬೈಯಲು ಶುರುಮಾಡಿದ್ದಳು. ಎಲೆ ಕೊಯ್ಯುತ್ತಿದ್ದ ಹೆಂಗಸರು ಸೊಂಟ ನೇರಮಾಡಿ ನೋಡಿದರು. ಒಬ್ಬಿಬ್ಬರು ಗುರುತು ಹಿಡಿದು ಕರೆದರು. ಅವಳು ನಿಲ್ಲಲಿಲ್ಲ.

ಅವ್ವ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಮಾಮಿಯನ್ನು ನೋಡಿ ಅವಳ ಕೈಯಲ್ಲಿದ್ದ ಪಂಚೆ ಮತ್ತೆ ಬಕೆಟ್ಟಿಗೆ ಬಿತ್ತು. ಬಾ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಮಾಮಿ ಹೊಸಿಲು ದಾಟಿದ್ದಳು.

"ಎಲ್ಲಿಟ್ಟಿದ್ದೀರಿ ಅವನನ್ನು?"

ಅವ್ವ ಒಳಮನೆಯ ಗೋಡೆಯ ಮೇಲಿನ ಫೋಟೋ ತೋರಿಸಿದಳು. ನಾನು ಹಿಂದೆಯೇ ಹೋಗುತ್ತಿದ್ದೆ. ಅವ್ವ ನನ್ನ ಎದೆಯ ಮೇಲೆ ಒದ್ದೆ ಕೈಯಿಟ್ಟು ತಡೆದು, ಒಳಬಾಗಿಲು ಎಳೆದುಕೊಂಡಳು.

"ನೀನು ಹೋಗಿ ಹಾಲು ತಾ. ಇವತ್ತು ಒಬ್ಬರು ಹೆಚ್ಚಿದ್ದಾರೆ."

ಬಾಗಿಲ ಸಂದಿಯಲ್ಲಿ ಕಿವಿಯಿಡಬೇಕೆನ್ನಿಸಿತು. ಮಾಮಿಯ ದನಿ ಏರುತ್ತಿತ್ತು. ಏನೆನ್ನುತ್ತಿದ್ದಾಳೆಂದು ಸರಿಯಾಗಿ ಕೇಳಿಸಲಿಲ್ಲ. ಕೇಳಿಸಿದ್ದರೂ ಇಷ್ಟು ವರ್ಷದಲ್ಲಿ ನಾನು ಅದನ್ನು ನೆಟ್ಟಗೆ ಉಳಿಸಿಕೊಂಡಿರುತ್ತಿದ್ದೆನೆಂದು ಹೇಳಲಾರೆ. ಚೊಂಬು ತೆಗೆದುಕೊಂಡು ಹಾಲಿಗೆ ಹೋದೆ. ವಾಪಸು ಬಂದಾಗ ಮಾಮಿ ಒಲೆಯ ಮುಂದೆ ಕೂತಿದ್ದಳು, ಬೈದು ಬೈದು ಗಂಟಲು ಕಟ್ಟಿತ್ತು, ಅವ್ವನಿಗೆ ಸೊಪ್ಪು ಬಿಡಿಸಿಕೊಡುತ್ತಿದ್ದಳು.