ಸಿಕ್ ರೂಮಿನ ಸಮುದ್ರ

ಸೇನೆಯ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದು ನಿವೃತ್ತಳಾದ ಮೇಲೆ, ವಸಂತ್ ಕುಂಜ್‌ನ ನಮ್ಮ ಫ್ಲ್ಯಾಟಿನಿಂದ ನಡೆದುಹೋಗುವಷ್ಟು ದೂರದ ಒಂದು ಶಾಲೆಯಲ್ಲಿ ನಾನು ಸಿಕ್ ರೂಮ್ ನೋಡಿಕೊಳ್ಳುತ್ತಿದ್ದೆ. ಎರಡು ಮಂಚ, ಒಂದು ಔಷಧಿ ಕಪಾಟು, ಒಂದು ಸಿಂಕು, ಗೋಡೆ ಗಡಿಯಾರ. ಇವುಗಳ ಜೊತೆಗೆ ಆ ಕಟ್ಟಡದ ಬೇರೆ ಯಾವ ಕೋಣೆಗೂ ಇಲ್ಲದ ಒಂದು ಇನ್ವರ್ಟರ್ ಇತ್ತು. ಎರಡು ಸಾವಿರದ ಆ ಮೊದಲ ವರ್ಷಗಳಲ್ಲಿ ದೆಹಲಿಯ ಬೇಸಿಗೆ ಎಂದರೆ ಕರೆಂಟು ಹೋಗುವುದು, ಬರುವುದು, ಮತ್ತೆ ಹೋಗುವುದು. ಜ್ವರ ಬಂದ ಮಗುವಿಗೆ ಫ್ಯಾನ್ ನಿಲ್ಲಬಾರದೆಂದು ಹಾಕಿಸಿದ ಆ ಇನ್ವರ್ಟರಿನ ದೆಸೆಯಿಂದಲೇ ಸಮುದ್ರ ನನ್ನ ಕೋಣೆಗೆ ಬಂತು.

ತಂದವಳು ಜೀವಶಾಸ್ತ್ರದ ಟೀಚರ್. ಕಾರವಾರದ ಕಡೆಯವಳು, ಆ ವರ್ಷವಷ್ಟೇ ಕೆಲಸಕ್ಕೆ ಸೇರಿದ್ದಳು. ಒಂಬತ್ತನೆಯ ತರಗತಿಯಲ್ಲಿ ಸಮುದ್ರ ನೋಡಿದವರು ಕೈಯೆತ್ತಿ ಎಂದು ಕೇಳಿದಳಂತೆ. ಎದ್ದ ಕೈಗಳು ಬಲು ಕಡಿಮೆ. ಅದರಲ್ಲೂ ಒಬ್ಬ ನೋಡಿದ್ದು ವಿಮಾನದ ಕಿಟಕಿಯಿಂದ. ಅವತ್ತು ಸಂಜೆಯೇ ಪ್ರಿನ್ಸಿಪಾಲರ ಬಳಿ ಹೋಗಿ, ಸ್ಟೋರ್ ರೂಮಿನಲ್ಲಿ ಧೂಳು ತಿನ್ನುತ್ತಿದ್ದ ದೊಡ್ಡ ಗಾಜಿನ ತೊಟ್ಟಿಯನ್ನು ಕೇಳಿ ಪಡೆದಳು. ಷರತ್ತಿನ ಮೇಲೆ: ನವೆಂಬರಿನ ಪ್ರದರ್ಶನಕ್ಕೆ ಪೋಷಕರು ಬರುವಷ್ಟರಲ್ಲಿ ಅದರಲ್ಲಿ ಮೀನು ಈಜುತ್ತಿರಬೇಕು. ಇಲ್ಲವಾದರೆ ತೊಟ್ಟಿ ರಿಸೆಪ್ಶನ್ನಿಗೆ ಹೋಗುತ್ತದೆ, ಸಿಹಿನೀರು ತುಂಬಿ ಗೋಲ್ಡ್ ಫಿಶ್ ಬಿಡುತ್ತಾರೆ. ಗೋಲ್ಡ್ ಫಿಶ್ ಶುಭವಂತೆ.

"ಸಿಸ್ಟರ್, ಲ್ಯಾಬಲ್ಲಿ ಕರೆಂಟ್ ಹೋದ್ರೆ ಪಂಪ್ ನಿಲ್ತದೆ. ಪಂಪ್ ನಿಂತ್ರೆ ಉಸಿರು ನಿಲ್ತದೆ. ನಿಮ್ಮ ರೂಮಲ್ಲಿ ಒಂದು ಮೂಲೆ ಕೊಡಿ" ಎಂದಳು.

"ಯಾರ ಉಸಿರು?"

"ಮೀನಿಂದು."

"ಎಲ್ಲಿದೆ ಮೀನು?"

"ಈಗಿಲ್ಲ. ಬರ್ಲಿಕ್ಕೆ ಎರಡು ತಿಂಗಳಾದ್ರೂ ಬೇಕು."

ಇಲ್ಲದ ರೋಗಿಗೆ ಹಾಸಿಗೆ ಕಾದಿರಿಸಲು ಬಂದವರನ್ನು ನಾನು ನೋಡಿದ್ದು ಅದೇ ಮೊದಲು. ಕೊಡಗಿನವಳಾದ ನನಗೆ ನೀರೆಂದರೆ ಹೊಳೆ. ಸಮುದ್ರದ ಬಗ್ಗೆ ನನಗೆ ಯಾವ ಭಾವುಕತೆಯೂ ಇರಲಿಲ್ಲ. ಆದರೆ ತಯಾರಿಗೆ ಎರಡು ತಿಂಗಳು ಎಂದು ಮೊದಲೇ ಲೆಕ್ಕ ಹಾಕಿಕೊಂಡು ಬಂದವಳ ಮೇಲೆ ಗೌರವ ಹುಟ್ಟಿತು. ಕಿಟಕಿಯ ಪಕ್ಕದ ಮೂಲೆ ಕೊಟ್ಟೆ.

ಮೊದಲ ಜಗಳ ತೊಟ್ಟಿ ತೊಳೆಯುವಾಗಲೇ ಆಯಿತು. ನಾನು ಫಿನೈಲಿನ ಬಾಟಲಿ ಹಿಡಿದು ಬಂದೆ, ಅವಳು ಅಡ್ಡ ನಿಂತಳು. ಫಿನೈಲ್ ಬೇಡ, ಸೋಪು ಬೇಡ, ಡೆಟಾಲಿನ ಹೆಸರೂ ಎತ್ತಬೇಡಿ ಎಂದಳು. ಮಾನೇಸರದ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ಒಬ್ಬ ಪೋಷಕರು ತಮ್ಮ ಹಳೆಯ ಅಕ್ವೇರಿಯಂ ಬಿಚ್ಚುವಾಗ ಉಳಿದ ತೂತುತೂತಿನ ಕಲ್ಲುಗಳನ್ನು ಕೊಟ್ಟಿದ್ದರು. ಆ ತೂತುಗಳಲ್ಲಿ ಬ್ಯಾಕ್ಟೀರಿಯಾ ಬೆಳೆಯಬೇಕಂತೆ. ಮೀನಿನ ಹೊಲಸನ್ನು ಅವೇ ತಿಂದು ನೀರನ್ನು ಕಾಯುತ್ತವಂತೆ. ಅವು ನೆಲೆಯೂರುವ ತನಕ ಮೀನು ತರುವಂತಿಲ್ಲ. ಇಡೀ ವೃತ್ತಿಜೀವನವನ್ನು ಬ್ಯಾಕ್ಟೀರಿಯಾ ಕೊಲ್ಲುವುದರಲ್ಲಿ ಕಳೆದವಳು ಈಗ ಅವುಗಳ ಬಾಣಂತನಕ್ಕೆ ನಿಂತೆ.

ನೀರಿನ ಪ್ರಶ್ನೆ ಬಂತು. ನಮ್ಮ ಕಡೆಯ ನಲ್ಲಿಯ ನೀರು ಬಕೆಟ್ಟಿನಲ್ಲಿ ಬಿಳಿಯ ಗೆರೆ ಬಿಡುವಂಥದ್ದು. ಆದರೆ ಆ ಮಕ್ಕಳ ಮನೆಗಳಲ್ಲಿ ಅಡುಗೆಮನೆಯ ಗೋಡೆಗೆ ಆರ್‌ಓ ಯಂತ್ರ ತೂಗುತ್ತಿತ್ತು. ಹಾಗಾಗಿ ಒಂಬತ್ತನೆಯ ತರಗತಿಯವರು ಬೆಳಿಗ್ಗೆ ಬರುವಾಗ ಎರಡೆರಡು ಬಾಟಲಿ ಆರ್‌ಓ ನೀರು ತರತಕ್ಕದ್ದು ಎಂದು ಆಜ್ಞೆ ಹೊರಡಿಸಿದೆ. ಪ್ರಾರ್ಥನೆಗೆ ಮುಂಚೆ ಸಿಕ್ ರೂಮಿನ ಹೊರಗೆ ಸಾಲು. ನಾನು ಪ್ರತಿಯೊಂದು ಬಾಟಲಿಯ ಮುಚ್ಚಳ ತೆಗೆದು ಮೂಸುತ್ತಿದ್ದೆ. ಮೊದಲ ದಿನವೇ ಒಂದರಲ್ಲಿ ನಿಂಬೆ ಶರಬತ್ತಿನ ವಾಸನೆ. ಆ ಹುಡುಗ ವಾಪಸ್. "ಮೀನಿಗೂ ಗರ್ಮಿ ಆಗಲ್ವಾ ಸಿಸ್ಟರ್ ಮ್ಯಾಮ್?" ಎಂದು ಕೇಳಿ ಹೋದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ, ಅವನು ಹೋದ ಮೇಲೆ ನಕ್ಕೆ.

ಉಪ್ಪು ಓಖ್ಲಾದ ಒಂದು ಗಲ್ಲಿಯ ಅಂಗಡಿಯಿಂದ ಬರುತ್ತಿತ್ತು. ಅದು ಅಡುಗೆಯ ಉಪ್ಪಲ್ಲ. ಸಮುದ್ರದ ನೀರಿನಲ್ಲಿರುವ ಸುಣ್ಣ, ಮೆಗ್ನೀಸಿಯಂ ಎಲ್ಲವನ್ನೂ ಸೇರಿಸಿ ತಯಾರಿಸಿದ್ದು. ಬಕೆಟ್ಟಿನಲ್ಲಿ ಕರಗಿಸಿ, ಒಂದು ತೇಲುವ ಗಾಜಿನ ಕೊಳವೆ ಬಿಟ್ಟರೆ ಉಪ್ಪಿನ ಅಂಶ ಎಷ್ಟೆಂದು ಗೆರೆ ತೋರಿಸುತ್ತಿತ್ತು. ದಿನ ಬಿಟ್ಟು ದಿನ ತೊಟ್ಟಿಯ ಸ್ವಲ್ಪ ನೀರು ತೆಗೆದು ಹೊಸದು ಹಾಕುವ ಕೆಲಸಕ್ಕೆ ಮಕ್ಕಳಿಗೆ ಸರದಿ ಹಾಕಿಕೊಟ್ಟೆ. ನನ್ನದು ಒಂದೇ ನಿಯಮ: ಡ್ಯೂಟಿಯ ದಿನ ಡ್ಯೂಟಿ ತಪ್ಪುವಂತಿಲ್ಲ, ರಜೆಯಾದರೂ ಸರಿ. ದಿನಾ ಬೆಳಿಗ್ಗೆ ಮಕ್ಕಳ ಜ್ವರ ನೋಡುವ ಮೊದಲು ತೊಟ್ಟಿಯ ಉಷ್ಣತೆ ನೋಡುತ್ತಿದ್ದೆ.

ಕಾಲ ಕೂಡಿಬಂದಾಗ ಗಾಜಿನ ಮೇಲೆ ಕಂದು ಬಣ್ಣದ ಪಾಚಿ ಹಿಡಿಯಿತು. ನನಗೆ ಅಸಹ್ಯ, ಟೀಚರಿಗೆ ಸಂಭ್ರಮ. ಪಾಚಿ ಮೇಯಲು ಕೆಲವು ಬಸವನಹುಳುಗಳು ಬಂದವು, ಅವುಗಳ ಜೊತೆ ಶಂಖದೊಳಗೆ ವಾಸಿಸುವ ಒಂದು ಸನ್ಯಾಸಿ ಏಡಿ. ಆ ತರಗತಿಯಲ್ಲಿ ಫೌಜಿನವರ ಮಕ್ಕಳು ಬಹಳ. ಕ್ವಾರ್ಟರ್ಸನ್ನು ಬೆನ್ನ ಮೇಲೆ ಹೊತ್ತು ಪೋಸ್ಟಿಂಗಿನಿಂದ ಪೋಸ್ಟಿಂಗಿಗೆ ಅಲೆಯುವ ಏಡಿಯನ್ನು ಅವರು ಹವಲ್ದಾರ್ ಎಂದು ಕರೆದರು. ಹವಲ್ದಾರ್ ಇವತ್ತು ಯಾವ ಕಲ್ಲಿನ ಮೇಲೆ ಎನ್ನುವುದು ಇಡೀ ಶಾಲೆಯ ಸುದ್ದಿಯಾಯಿತು.

ದಸರೆಯ ರಜೆ ಬಂತು. ಟೀಚರ್ ಊರಿಗೆ ಹೋದಳು. ಸರದಿಯ ಪ್ರಕಾರ ಬಂದವಳು ಒಬ್ಬ ಹುಡುಗಿ. ತಂದೆ ನಮ್ಮ ಕರ್ನಾಟಕದವರು, ಸೇನೆಯಲ್ಲಿದ್ದರು. ತಾಯಿ ಲಖನೌ ಕಡೆಯವರು. ಮನೆಯಲ್ಲಿ ತಾಯಿಯ ತಾಯಿ, ಅಂದರೆ ನಾನಿ ಇದ್ದರು. ರಜೆಯಲ್ಲಿ ಊರಿಗೆ ಹೋದ ಗೆಳತಿಯರ ಸರದಿಯನ್ನೂ ಅವಳೇ ಹೊತ್ತುಕೊಂಡು ದಿನ ಬಿಟ್ಟು ದಿನ ಬಂದಳು. ಶಿಸ್ತಿನ ಹುಡುಗಿ. ನೀರು ಬೆರೆಸಿ, ಕೊಳವೆ ತೇಲಿಬಿಟ್ಟು ನನ್ನನ್ನು ಕರೆಯುತ್ತಿದ್ದಳು. ಗೆರೆ ಸರಿಯಾಗಿ ಇರಬೇಕಾದಲ್ಲೇ ಇರುತ್ತಿತ್ತು. ನಾನು ಶಾಭಾಶ್ ಎನ್ನುತ್ತಿದ್ದೆ.

ರಜೆ ಮುಗಿಯುವ ಹೊತ್ತಿಗೆ ಬಸವನಹುಳುಗಳು ಗಾಜಿನಿಂದ ಕಳಚಿ ಮರಳಿಗೆ ಬಿದ್ದವು. ಹವಲ್ದಾರ್ ಶಂಖದೊಳಗೆ ಸೇರಿಕೊಂಡು ಬಾಗಿಲು ಮುಚ್ಚಿದ. ಊರಿಂದ ಬಂದ ಟೀಚರ್ ಚೀಲ ಕೂಡ ಇಳಿಸದೆ ನೀರಿನ ಪರೀಕ್ಷೆಗೆ ಹಾಕುವ ಹನಿಗಳ ಬಾಟಲಿ ತೆಗೆದಳು. ಉಪ್ಪು ಸರಿಯಾಗಿಯೇ ಇತ್ತು. ಸುಣ್ಣದ ಅಂಶ ಮಾತ್ರ ಕುಸಿದಿತ್ತು. ಪ್ರದರ್ಶನ ಹತ್ತಿರ ಬಂದಿತ್ತು. ಇಂಥ ನೀರಿಗೆ ಮೀನು ಬಿಡುವುದು ಸಾಧ್ಯವಿರಲಿಲ್ಲ. ಅವಳ ಮುಖ ನೋಡಿದರೆ ಗೋಲ್ಡ್ ಫಿಶ್ ಆಗಲೇ ಈಜುತ್ತಿದ್ದಂತಿತ್ತು.

"ಯಾವ ಉಪ್ಪು ಹಾಕಿದ್ದು?" ಎಂದಳು.

ಹುಡುಗಿ ಅಟೆನ್ಶನ್ನಿನಲ್ಲಿ ನಿಂತು ಹೇಳಿದಳು: "ಡಬ್ಬಿ ಖಾಲಿ ಆಗಿತ್ತು ಮ್ಯಾಮ್. ದುಕಾನ್‌ನಲ್ಲೂ ಇರ್ಲಿಲ್ಲ. ನಂದು ಡ್ಯೂಟಿ ಇತ್ತು, ಡ್ಯೂಟಿ ಬಿಡಬಾರದಲ್ವಾ? ನಾನಿ ವ್ರತದ್ದು ನಮಕ್ ಕೊಟ್ರು. ಸೇಂಧಾ. ವೋ ತೋ ಸಬ್ಸೇ ಶುದ್ಧ್ ಹೋತಾ ಹೈ ನಾ?"

ನವರಾತ್ರಿಯ ಉಪವಾಸದಲ್ಲಿ ಆ ಕಡೆಯವರು ಸಮುದ್ರದ ಉಪ್ಪನ್ನು ಮುಟ್ಟುವುದಿಲ್ಲ. ಗಣಿಯಿಂದ ಅಗೆದು ತೆಗೆದ ಸೇಂಧಾ ಉಪ್ಪೇ ಅವರಿಗೆ ಮಡಿ. ಸಮುದ್ರದ ಸೋಂಕೇ ಇಲ್ಲವೆಂದು ಶುದ್ಧವೆನಿಸಿಕೊಂಡ ಉಪ್ಪನ್ನು ನಮ್ಮ ಹುಡುಗಿ ಭಕ್ತಿಯಿಂದ ಸಮುದ್ರಕ್ಕೇ ಸುರಿದಿದ್ದಳು. ಉಪ್ಪಿನ ತೂಕವನ್ನು ಅಳೆಯುವ ಕೊಳವೆಗೆ ಅದರ ಕುಲಗೋತ್ರ ಎಲ್ಲಿ ಗೊತ್ತಾಗಬೇಕು?

ಟೀಚರ್ ಮಂಚದ ಮೇಲೆ ಕುಳಿತುಬಿಟ್ಟಳು. ಅಳುತ್ತಾಳೆ ಎಂದುಕೊಂಡೆ. ಅವಳು ನಗುತ್ತಿದ್ದಳು. "ಸಮುದ್ರಕ್ಕೇ ವ್ರತ ಮಾಡಿಸಿಬಿಟ್ಟಿಯಲ್ಲ ಮಾರಾಯ್ತಿ" ಎಂದಳು. ಆ ನಗುವಿಗೆ ನಾನೂ ಸೋತೆ.

ಹುಡುಗಿ ಮಾತ್ರ ನಗಲಿಲ್ಲ. "ಹವಲ್ದಾರ್ ಸಾಯ್ತಾನಾ?" ಎಂದಳು.

"ನನ್ನ ವಾರ್ಡಿನಲ್ಲಿ ಆ ಮಾತು ಆಡುವ ಹಾಗಿಲ್ಲ" ಎಂದೆ.

ಇಷ್ಟಾದ ಮೇಲೆ ಅದು ನನಗೆ ಗೊತ್ತಿದ್ದ ಕೆಲಸ. ನೀರೆಲ್ಲ ಒಂದೇ ಸಲ ಬದಲಿಸೋಣವೇ ಎಂದು ಟೀಚರ್ ಅನುಮಾನಿಸಿದಳು. ನಾನು ಬೇಡವೆಂದೆ. ಲವಣ ಏರುಪೇರಾದ ರೋಗಿಯನ್ನು ಒಂದೇ ಏಟಿಗೆ ಸರಿಮಾಡಲು ಹೋದರೆ ಚಿಕಿತ್ಸೆಯೇ ಅಪಾಯ. ದಿನವೂ ಸ್ವಲ್ಪ ಸ್ವಲ್ಪವೇ, ಡ್ರಿಪ್ ಏರಿಸಿದಂತೆ. ಮಧ್ಯಾಹ್ನ ಇಬ್ಬರೂ ಆಟೋ ಹಿಡಿದು ಓಖ್ಲಾಕ್ಕೆ ಹೋದೆವು. ಅಂಗಡಿಯ ಭಯ್ಯಾ, ಉಪ್ಪು ಮುಂಬೈಯಿಂದ ಬರಬೇಕು, ನಾಳೆ ಪಕ್ಕಾ ಎಂದ. ಅಚ್ಛಾ, ಹಾಗಾದರೆ ಬರುವ ತನಕ ಇಲ್ಲೇ ಕೂರುತ್ತೇವೆ ಎಂದು ನಾನು ಸ್ಟೂಲು ಎಳೆದುಕೊಂಡೆ. ಚಹಾ ತರಿಸಿದ. ಇನ್ನೊಂದು ಚಹಾ ತರಿಸಿದ. ಮೂರನೆಯ ಚಹಾದ ಬದಲು ಯಾರಿಗೋ ಫೋನ್ ಮಾಡಿದ. ಇನ್ನೊಬ್ಬ ಅಂಗಡಿಯವನ ದಾಸ್ತಾನಿನಿಂದ ಪೆಟ್ಟಿಗೆ ಸ್ಕೂಟರಿನಲ್ಲಿ ಬಂತು.

ಮರುದಿನದಿಂದ ಬಾಟಲಿಗಳ ಸಾಲು ಗೇಟಿನವರೆಗೆ ಬೆಳೆಯಿತು. ಹತ್ತನೆಯ ತರಗತಿಯವರೂ ತಂದರು. ಒಬ್ಬ ತಂದೆ ಆಫೀಸಿಗೆ ಹೋಗುವ ದಾರಿಯಲ್ಲಿ ಕಾರಿನಿಂದ ಇಡೀ ಕ್ಯಾನನ್ನೇ ಇಳಿಸಿಹೋದರು. ಶರಬತ್ತಿನ ಹುಡುಗನೂ ತಂದ, ನಾನು ಮೂಸುವ ಮೊದಲೇ ತಾನೇ ಮೂಸಿ ತೋರಿಸಿದ.

ಒಂದು ಬೆಳಿಗ್ಗೆ ಎರಡನೆಯ ತರಗತಿಯ ಪುಟ್ಟಿಯೊಬ್ಬಳು ಜ್ವರವೆಂದು ಮಲಗಿದ್ದಳು. ನಾನು ಕಪಾಟಿನ ಕಡೆ ತಿರುಗಿದ್ದೆ. "ಸಿಸ್ಟರ್ ಮ್ಯಾಮ್, ಪತ್ಥರ್ ಚಲ್ ರಹಾ ಹೈ" ಎಂದಳು. ಕಲ್ಲು ನಡೆಯುತ್ತಿದೆಯಂತೆ! ಜ್ವರ ತಲೆಗೇರಿತೆಂದು ಹಣೆ ಮುಟ್ಟಿದೆ. ಅಷ್ಟೇನೂ ಬಿಸಿ ಇರಲಿಲ್ಲ. ಅವಳು ಬೆರಳು ತೋರಿಸಿದ ಕಡೆ ನೋಡಿದರೆ, ಕಲ್ಲಿನ ಮೇಲೆ ಹವಲ್ದಾರ್ ತನ್ನ ಕ್ವಾರ್ಟರ್ಸ್ ಎಳೆದುಕೊಂಡು ಹೊರಟಿದ್ದ. ಸೇವೆಯಲ್ಲಿದ್ದಾಗ ಜನರಲ್‌ಗಳು ರೌಂಡಿಗೆ ಬಂದಾಗಲೂ ಅಷ್ಟು ಬೇಗ ಓಡಿದವಳಲ್ಲ ನಾನು. ಒಂಬತ್ತನೆಯ ತರಗತಿಯ ಬಾಗಿಲಿಗೆ ಹೋಗಿ, ಪಾಠದ ನಡುವೆಯೇ, ರೋಗಿ ಎದ್ದು ಓಡಾಡುತ್ತಿದ್ದಾನೆ ಎಂದೆ. ಆ ಗದ್ದಲಕ್ಕೆ ಪ್ರಿನ್ಸಿಪಾಲರು ಹೊರಬಂದು ನೋಡಿದರು.

ನೀರಿನ ಪರೀಕ್ಷೆ ಮೇಲಿಂದ ಮೇಲೆ ಸರಿಬಂದ ಮೇಲೆ ಮೀನು ಬಂದವು, ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟೆಯ ಒಂದು ಜೋಡಿ. ಪ್ಲಾಸ್ಟಿಕ್ ಚೀಲದಲ್ಲೇ ಅವನ್ನು ತೊಟ್ಟಿಯ ಮೇಲೆ ತೇಲಿಬಿಟ್ಟು, ನೀರಿಗೆ ಒಗ್ಗಿಸಿ, ಕೊನೆಗೆ ಚೀಲದ ಬಾಯಿ ಬಿಚ್ಚುವ ಕೆಲಸವನ್ನು ಟೀಚರ್ ಸೇಂಧಾ ಉಪ್ಪಿನ ಹುಡುಗಿಗೇ ಕೊಟ್ಟಳು.

ಪ್ರದರ್ಶನದ ದಿನ ನನ್ನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನಿಯೂ ಬಂದರು, ಬಿಳಿ ಸೀರೆ, ಕೈಯಲ್ಲಿ ಕೋಲು. ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, ತಾವು ಕೊಟ್ಟ ಉಪ್ಪು ಉಪಯೋಗಕ್ಕೆ ಬಂತೇ ಎಂದು ಹಿಂದಿಯಲ್ಲಿ ಕೇಳಿದರು. ಹುಡುಗಿ ನನ್ನ ಮುಖ ನೋಡಿದಳು. ಮಕ್ಕಳು ಈ ವರ್ಷ ಅತಿ ಹೆಚ್ಚು ಕಲಿತದ್ದು ನಿಮ್ಮ ಉಪ್ಪಿನಿಂದಲೇ ಎಂದೆ. ಅದು ಅಪ್ಪಟ ಸತ್ಯ. ನಾನಿ ತೃಪ್ತರಾಗಿ ಮೀನುಗಳಿಗೆ ಕೈಮುಗಿದರು.

ಎಲ್ಲರೂ ಹೋದ ಮೇಲೆ ಪ್ರಿನ್ಸಿಪಾಲರು ಬಂದು, ಬಹಳ ಹೊತ್ತು ಕೈ ಹಿಂದೆ ಕಟ್ಟಿಕೊಂಡು ತೊಟ್ಟಿ ನೋಡಿದರು. ಇಷ್ಟು ಚೆಂದದ ವಸ್ತು ಸಿಕ್ ರೂಮಿನಲ್ಲಿ ಯಾಕೆ, ನಾಳೆಯೇ ರಿಸೆಪ್ಶನ್ನಿಗೆ ಸಾಗಿಸೋಣ, ಬಂದವರೆಲ್ಲ ನೋಡಲಿ ಎಂದರು. ಟೀಚರಿಗೆ ಹೊಸ ಕೆಲಸ, ಬೇಡವೆನ್ನುವುದಾದರೂ ಹೇಗೆ? ರಿಸೆಪ್ಶನ್ನಿನಲ್ಲಿ ಇನ್ವರ್ಟರಿಲ್ಲ. ಅಲ್ಲಿ ಮಕ್ಕಳು ಸಾಲು ನಿಲ್ಲುವ ಹಾಗೂ ಇಲ್ಲ.

ನಾನು ಎದ್ದು ನಿಂತೆ. "ಸರ್, ರೋಗಿಯನ್ನು ಸ್ಥಳಾಂತರಿಸುವ ಸ್ಥಿತಿ ಇಲ್ಲ" ಎಂದು ಇಂಗ್ಲಿಷಿನಲ್ಲಿ, ವಾರ್ಡಿನ ದನಿಯಲ್ಲಿ ಹೇಳಿದೆ.

ಮೀನುಗಳು ಚೆನ್ನಾಗಿಯೇ ಕಾಣುತ್ತಿವೆಯಲ್ಲ ಎಂದರು.

ಮೇಲ್ನೋಟಕ್ಕೆ ಹಾಗೆ ಕಾಣುತ್ತದೆ, ಈಗಷ್ಟೇ ಚೇತರಿಸಿಕೊಂಡ ನೀರು ಎಂದೆ. ಡಿಸ್ಚಾರ್ಜ್ ಬರೆಯುವುದು ನನ್ನ ಕೆಲಸವೆಂದೂ ಸೇರಿಸಿದೆ. ಯಾವಾಗ ಬರೆಯುತ್ತೀರಿ ಎಂದು ಅವರು ಕೇಳಿದರು. ಈ ಒಂಬತ್ತನೆಯ ತರಗತಿ ಶಾಲೆ ಬಿಡುವ ತನಕ ಸಾಧ್ಯವಿಲ್ಲವೆಂದೆ. ಅವರು ನನ್ನ ಮುಖವನ್ನೂ ಟೀಚರ್ ಮುಖವನ್ನೂ ನೋಡಿದರು. ಮೀಸೆಯ ಕೆಳಗೆ ನಗು ಬಂದಿತೋ ಏನೋ, ತಿರುಗಿ ಹೊರಟುಹೋದರು. ಮರುವಾರ ರಿಸೆಪ್ಶನ್ನಿಗೆ ಒಂದು ದುಂಡನೆಯ ಬೋಗುಣಿಯಲ್ಲಿ ಗೋಲ್ಡ್ ಫಿಶ್ ಬಂದವು.

ಆ ಚಳಿಗಾಲದಲ್ಲಿ ಶಾಲೆಯಲ್ಲಿ ಹೊಟ್ಟೆನೋವು ವಿಪರೀತ ಹೆಚ್ಚಿತು, ಅದೂ ಗಣಿತದ ಪೀರಿಯಡ್ಡಿನಲ್ಲಿ. ಬಂದವರ ನಾಡಿ ಹಿಡಿದು, ನಾಲಿಗೆ ನೋಡಿ, ತೊಟ್ಟಿಯ ಎದುರಿನ ಮಂಚ ತೋರಿಸುತ್ತಿದ್ದೆ. ಹವಲ್ದಾರ್ ಈ ಕಲ್ಲಿನಿಂದ ಆ ಕಲ್ಲಿಗೆ ಹೋಗುವ ತನಕ ವಿಶ್ರಾಂತಿ. ಆಮೇಲೆ ಕ್ಲಾಸಿಗೆ, ಓಡುತ್ತ.