ರಸೀದಿ ಕೊಡದ ಮನೆ

ಎರಡು ಸಾವಿರದ ಇಪ್ಪತ್ತೆರಡನೆಯ ಇಸವಿ, ನನಗೆ ನಲವತ್ತೊಂಬತ್ತು. ಯರಗುಪ್ಪಿಯಲ್ಲಿ ಬಸ್ಸಿನಿಂದ ಇಳಿದೊಡನೆ, ಮಳೆಯಲ್ಲಿ ನೆಂದ ಮಣ್ಣು ನನ್ನ ಎರಡೂ ಚಪ್ಪಲಿಗಳನ್ನು ಕಿತ್ತುಕೊಂಡಿತು. ಮೈಸೂರಿನ ಪ್ರೌಢಶಾಲೆಯಲ್ಲಿ ವ್ಯಾಕರಣ ಕಲಿಸುತ್ತಿದ್ದ ನಾನು, ಶಾಲೆ ಮುಚ್ಚಿದ ಬಳಿಕ, ಬೀಜದ ಗೋದಾಮೊಂದರ ವ್ಯವಸ್ಥಾಪಕನಾಗಿ ಬರಿಗಾಲಿನಲ್ಲಿ ಹಾಜರಾದೆ. ಯಾರೂ ಆಶ್ಚರ್ಯಪಡಲಿಲ್ಲ. “ಎರಿ ಹಿಡೀತೇನ್ರಿ?” ಎಂದ ಹಮಾಲನೊಬ್ಬ. ಎರಿ ಎಂದರೆ ಇಲ್ಲಿನ ಕಪ್ಪು ನೆಲ.

ಮೈಸೂರಿನಲ್ಲಿ ಅಪರಿಚಿತರು ಪ್ರಶ್ನೆ ಕೇಳುವ ಮುನ್ನ ಸಂಕೋಚಪಡುತ್ತಾರೆ. ಇಲ್ಲಿ ಸಂಬಳ, ಜಾತಿ, ಸಕ್ಕರೆ ಕಾಯಿಲೆಗಳನ್ನು ವಿಚಾರಿಸಿ, ಉಸಿರು ಉಳಿದರೆ ಹೆಸರು ಕೇಳುತ್ತಾರೆ. ಅಲ್ಲಿ ಪ್ರತಿ ಬೀದಿಯಲ್ಲೂ ‘ಮನೆ ಬಾಡಿಗೆಗಿದೆ’ ಎಂಬ ಫಲಕವಿದ್ದರೆ, ಇಲ್ಲಿ ಅಂಥದ್ದೊಂದೂ ಇಲ್ಲ. ಗಂಡನನ್ನು ಕಳೆದುಕೊಂಡು, ಹಿಟ್ಟಿನ ಗಿರಣಿ ನಡೆಸುತ್ತಿದ್ದ ಜೈನಾಬಿ ತನ್ನ ಮನೆಯ ಬಾಜು, ಅಂದರೆ ಪಕ್ಕದಲ್ಲಿದ್ದ, ಕೋಣೆಯನ್ನು ತೆರೆದು ತೋರಿಸಿದಳು. ಬಾಡಿಗೆ ಎಷ್ಟೆಂದು ಕೇಳಿದೆ. “ನಿಮ್ಮ ಮನಸಿಗೆ ಬಂದಷ್ಟು ಕೊಡ್ರಿ, ಮಾಸ್ತರ್,” ಎಂದಳು. ಇಷ್ಟು ಸಡಿಲವಾದ ಉತ್ತರಕ್ಕೆ ನನ್ನ ತರಗತಿಯಲ್ಲಿ ಸೊನ್ನೆ ಸಿಗುತ್ತಿತ್ತು. ನಾನೇ ಒಂದು ಮೊತ್ತವನ್ನು ಗೊತ್ತುಮಾಡಿ, ತಿಂಗಳು ತಿಂಗಳು ಅವಳ ಬ್ಯಾಂಕ್ ಖಾತೆಗೆ ಕಳುಹಿಸಿದೆ. ಮೊದಲ ಸಂಜೆಯಿಂದಲೇ ಅವಳ ಒಲೆಯ ಮುಂದೆ ನನಗೂ ಒಂದು ತಟ್ಟೆ ಇತ್ತು. ಆ ಕಡಕ್ ರೊಟ್ಟಿ ನನ್ನ ದವಡೆಗೆ ದಂಡನೆಯಾಗಿತ್ತು, ಆದರೂ ತಿಂದೆ.

ಕಾನೂನು ಈ ಊರಿಗಿಂತ ಸುಸಂಸ್ಕೃತವಾದುದು. ಬೇರೊಂದು ಊರಿನಲ್ಲಿ ಸ್ವಂತ ಮನೆಯಿದ್ದರೂ, ಕೆಲಸದ ಊರಿನಲ್ಲಿ ನಿಜವಾಗಿ ಬಾಡಿಗೆ ಕೊಡುವವನಿಗೆ ಮನೆ ಬಾಡಿಗೆ ಭತ್ಯೆಯ ಒಂದು ಭಾಗದ ಮೇಲೆ ತೆರಿಗೆ ವಿನಾಯಿತಿಯುಂಟು. ಬಿಟ್ಟುಬಂದ ಆ ಮನೆಯೂ ಅವನ ‘ಸ್ವಂತ ವಾಸದ ಮನೆ’ ಎಂದೇ ಉಳಿಯುತ್ತದೆ. ಮೈಸೂರಿನಲ್ಲಿ ಸ್ವಂತ ಮನೆಯಿದ್ದ ನಾನು ವಿನಾಯಿತಿ ಕೋರಿದೆ. ತೆರಿಗೆ ಕಚೇರಿ ಜೈನಾಬಿಗೆ ಪತ್ರ ಬರೆದು ವಿಚಾರಿಸಿತು. ಅವಳು ನನಗೊಂದು ಮಾತೂ ಹೇಳದೆ ಉತ್ತರ ಬರೆದಳು: ಮಾಸ್ತರು ನಮ್ಮ ಮನೆಯಲ್ಲಿ ಉಣ್ಣುತ್ತಾರೆ, ಕೊಟ್ಟದ್ದು ಜೋಳಕ್ಕೆ ಎಣ್ಣೆಗೆ ಹೋಗುತ್ತದೆ, ನಾವು ಬಾಡಿಗೆ ತೆಗೆದುಕೊಳ್ಳುವವರಲ್ಲ.

ಆ ಉತ್ತರದ ಪ್ರತಿಯೊಂದಿಗೆ, ಸುಳ್ಳು ಲೆಕ್ಕ ಕೊಟ್ಟವನೆಂಬ ನೋಟಿಸು ನನ್ನ ಹೆಸರಿಗೆ ಬಂತು. ಆವರೆಗೆ ಸುಳ್ಳು ಬರೆಯುವುದು ನನ್ನ ವಿದ್ಯಾರ್ಥಿಗಳ ಕೆಲಸವಾಗಿತ್ತು.

“ಅದು ಬಾಡಿಗೆಯೇ ಎಂದು ಬರೆದು ಸಹಿ ಹಾಕಿದರೆ ಸಾಕು,” ಎಂದೆ.

“ಬಾಡಿಗಿ ತಗೊಳ್ಳಾಕ ಇದೇನ್ ಲಾಡ್ಜೇನ್ರಿ?” ಜೈನಾಬಿ ರೊಟ್ಟಿ ತಿರುವುತ್ತ ಕೇಳಿದಳು. “ನನ್ನ ಒಲಿ ಮುಂದ ಕುಂತು ಉಂಡವ್ರನ್ನ ಬಾಡಿಗಿದಾರ ಅಂತ ಬರ್ದು ಕೊಟ್ರ ಊರಾಗ ಮಾರಿ ಹೆಂಗ ತೋರಸ್ಲಿ?” ಮಾರಿ ಎಂದರೆ ಇಲ್ಲಿ ಮುಖ.

“ಕಾನೂನಿಗೆ ಒಲೆ ಗೊತ್ತಿಲ್ಲ.”

“ಹಂಗಾರ ಪಾಪ ಅದಕ್ಕೂ ಎರಡು ರೊಟ್ಟಿ ಕಟ್ಟಿ ಕಳಸ್ರಿ.”

ಕುಂದಗೋಳದ ತೆರಿಗೆ ಸಲಹೆಗಾರನಲ್ಲಿಗೆ ಹೋದೆ. “ಸರ, ಆ ಚಾಚಿನ್ನ ಬಿಡ್ರಿ,” ಎಂದು ಅವನು ಅಡಿಕೆ ಉಗಿದ. “ನಮ್ಮ ಭಾವನ ಹೆಸರ್ಲೆ ರಸೀದಿ ಹರಸ್ತೀನಿ. ಕಾಗದದಾಗ ಆಕಿ ಹೊಟೇಲ್, ಅಂವ ಮನಿ ಮಾಲಕ. ಅಗದಿ ಚೊಕ್ಕ.” ನಕಲು ಹೊಡೆಯುವವನ ಮುಖವನ್ನು ನಾನು ಎಷ್ಟು ದೂರದಿಂದಲೂ ಗುರುತಿಸಬಲ್ಲೆ. ಎದ್ದು ಬಂದೆ.

ಮೈಸೂರಿನಿಂದ ಹೆಂಡತಿ ಫೋನಿನಲ್ಲಿ, “ಬೇರೆ ಮನೆ ನೋಡ್ಕೊಳ್ಳಿ, ರಸೀದಿ ಕೊಡೋ ಓನರ್ ಸಿಕ್ಕಲ್ವಾ?” ಎಂದಳು. ನಮ್ಮ ಗೃಹಪ್ರವೇಶವಾದಾಗಿನಿಂದ ಇರುವ ಎದುರುಮನೆಯವರ ಹೆಸರು ಇವತ್ತಿಗೂ ಅವಳಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಂಥ ಬೀದಿಯ ಸಭ್ಯತೆಯನ್ನು ಇಷ್ಟು ಕಾಲ ಹೊಗಳಿದವನು ನಾನೇ.

ಜೈನಾಬಿಯ ಉತ್ತರದಲ್ಲಿ ತಪ್ಪು ಹುಡುಕಿ ಸೋತೆ. ತಟ್ಟೆಯ ಬೆಲೆ ಎಷ್ಟು, ಕೋಣೆಯ ಬೆಲೆ ಎಷ್ಟು ಎಂದು ಬಿಡಿಸಲು ನನ್ನಿಂದಲೂ ಆಗಲಿಲ್ಲ. ವಿನಾಯಿತಿಯ ಕೋರಿಕೆಯನ್ನು ಹಿಂತೆಗೆದುಕೊಂಡು, ಬಡ್ಡಿಸಹಿತ ತೆರಿಗೆ ಕಟ್ಟಿದೆ. ಈ ಊರಿನ ಬಗೆಗಿನ ನನ್ನ ಅಭಿಪ್ರಾಯ ಬದಲಾಗಿಲ್ಲ: ಚಹಾ ಪಾಕದಂತಿದೆ, ಮಾತು ಒರಟು, ಮಣ್ಣಿಗೆ ಮರ್ಯಾದೆಯಿಲ್ಲ. ಆದರೆ ಮೈಸೂರಿನ ಗೆಳೆಯರು ನನ್ನ ವಿಳಾಸ ಕೇಳಿದಾಗ ಈಗ ತಡವರಿಸುತ್ತೇನೆ. ನಾನು ವಾಸಿಸದ ಮನೆ ಕಾನೂನಿನ ಪ್ರಕಾರ ನನ್ನ ಸ್ವಂತ ವಾಸದ ಮನೆ. ದಿನವೂ ಉಂಡು ಮಲಗುವ ಮನೆಗೆ ನನ್ನ ತೆರಿಗೆ ವಿವರದಲ್ಲಿ ಒಂದು ಸಾಲೂ ಇಲ್ಲ. ಹೀಗೆಂದು ಒಪ್ಪಿ ಆ ವಿವರಕ್ಕೆ ನಾನು ಸಹಿ ಹಾಕಿದ್ದು ೨೦೨೫ರ ಜುಲೈ ೧೮, ಶುಕ್ರವಾರ.